ಗೊಟ್ಟದಲ್ಲಿ ಕುಡಿಸಿದ ದುಬಾರಿ ಎಣ್ಣೆ

ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನೇ ಹೇಳಿ ಹೇಳಿ ಸೇರಿಸಿಕೊಂಡದ್ದು ಎಂಬುದು ನನಗೆ ಗೊತ್ತಿಲ್ಲ. ಆ ದಿನ ದಿಂಬಂ ಘಾಟಿಯಲ್ಲಿ ದಟ್ಟ ಮಂಜಿತ್ತು ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಮುಂದೆ ಹೋಗುತ್ತಿದ್ದ ಕಾರಿನ ಗಾಜಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿದ್ದದ್ದೂ ಅಷ್ಟೇ ಚೆನ್ನಾಗಿ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಇಸವಿಯೂ ಅಷ್ಟೆ. ಎರಡು ಸಾವಿರದ ನಾಲ್ಕೋ ಐದೋ. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದೆ, ರಜೆಗೆ ತಾಳವಾಡಿ ಬಳಿಯ ನಮ್ಮೂರು ಪಣಕಹಳ್ಳಿಗೆ ಬಂದಿದ್ದೆ ಎನ್ನುವಷ್ಟು ಮಾತ್ರ ಖಂಡಿತ.

ಇದೆಲ್ಲ ಈಗ ನೆನಪಾದದ್ದು ಒಂದು ವಾಸನೆಯಿಂದ. ಹೋದ ತಿಂಗಳು ಕಾರನ್ನು ಸರ್ವೀಸಿಗೆ ಬಿಡಲು ಹೋಗಿದ್ದೆವು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಸಾದಾ ಎಣ್ಣೆ, ಅದಕ್ಕಿಂತ ಮೇಲಿನದು, ಅದಕ್ಕೂ ಮೇಲಿನದು ಎಂದು ಪಟ್ಟಿ ಓದುತ್ತಿದ್ದಳು. ಅವಳ ಹಿಂದೆ ಯಾರೋ ಹೊಸ ಡಬ್ಬದ ಮುಚ್ಚಳ ತೆರೆದರು. ಸ್ವಲ್ಪ ಸಿಹಿ, ಸ್ವಲ್ಪ ಹರಳೆಣ್ಣೆಯನ್ನು ಹೋಲುವ, ಮೂಗಿಗಿಂತ ನಾಲಿಗೆಗೇ ಮೊದಲು ತಾಗುವಂಥ ವಾಸನೆ… "ಎಲ್ಲಕ್ಕಿಂತ ದುಬಾರಿಯದನ್ನೇ ಹಾಕಿ" ಎಂದುಬಿಟ್ಟೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ಟೊಮೆಟೊ ಕೊಳ್ಳುವಾಗಲೂ ಪುರಾವೆ ಕೇಳುವ ಮನುಷ್ಯ ನಾನು. ಯಾಕೆ ಎಂದು ಕೇಳಿದಳು. ಆಗ ಹೇಳಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮ ಎದುರುಮನೆಯ ಮಾವ ನಮಗೆ ಯಾವ ಕಡೆಯಿಂದ ಮಾವ ಎಂದು ಕೇಳಿದರೆ ಅವ್ವ ಮೂರು ತಲೆಮಾರು ಹಿಂದಕ್ಕೆ ಹೋಗಿ ಅಲ್ಲೇ ದಾರಿ ತಪ್ಪುತ್ತಿದ್ದಳು. ಕೋಸು, ಬೀನ್ಸು ಬೆಳೆಯುತ್ತಿದ್ದ ಮನುಷ್ಯ. ಕೊಯಮತ್ತೂರಿನಲ್ಲಿ ಯಾವುದೋ ಕಚೇರಿಯವರು ತಮ್ಮ ಹಳೆಯ ಕಾರುಗಳನ್ನು ಮಾರಿದಾಗ ಒಂದು ಬಿಳಿ ಡೀಸೆಲ್ ಕಾರು ಕೊಂಡು ತಂದರು. ನಮ್ಮ ಬೀದಿಗೆ ಅದೇ ಮೊದಲ ಕಾರು. ನಿಲ್ಲಿಸಲು ಬೇರೆ ಜಾಗವಿರಲಿಲ್ಲ. ಕೊಟ್ಟಿಗೆಯಲ್ಲಿ ಎಡಗಡೆ ಎರಡು ಎತ್ತು, ಒಂದು ಹಸು. ಬಲಗಡೆ ಕಾರು. ಹಸು ಬೇಸರವಾದಾಗಲೆಲ್ಲ ಅದರ ಕನ್ನಡಿ ನೆಕ್ಕುತ್ತಿತ್ತು.

ಹಾಗೆ ಕೊಟ್ಟಿಗೆಗೆ ಬಂದದ್ದರಿಂದಲೋ ಏನೋ, ಮಾವ ಅದನ್ನು ಕೊನೆಯವರೆಗೂ ದನವೆಂದೇ ತಿಳಿದರು. ಬೆಳಿಗ್ಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ಮೈ ಬಿಸಿ ನೋಡುತ್ತಿದ್ದರು. ಕಾಯಿಲೆ ಬಿದ್ದ ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಇದೆಯಲ್ಲ, ಒಂದು ತುದಿ ಓರೆಯಾಗಿ ಕೊಯ್ದ ಕೊಳವೆ, ಅದನ್ನೇ ತೊಳೆದು ಎಂಜಿನ್ನಿಗೆ ಎಣ್ಣೆ ಸುರಿಯುತ್ತಿದ್ದರು. ಹೀಗೆ ಸುರಿಯುವಾಗ ಎಡಗೈ ತಾನಾಗಿಯೇ ರೇಡಿಯೇಟರಿನ ಮೇಲೆ ಹೋಗಿ, ಎತ್ತಿನ ಗಂಟಲು ನೀವಿದ ಹಾಗೆ ನೀವುತ್ತಿತ್ತು. ಎಣ್ಣೆಯ ಮಟ್ಟ ನೋಡಲು ಎಂಜಿನ್ನಿನಲ್ಲಿ ಒಂದು ಅಳತೆ ಕಡ್ಡಿ ಇರುತ್ತದೆ. ಮಾವ ಅದನ್ನು ಎಳೆದು ಮೂಸಿ ನೋಡಿ ವಾಪಸು ಇಡುತ್ತಿದ್ದರೇ ಹೊರತು ಗೆರೆ ನೋಡುತ್ತಿರಲಿಲ್ಲ. ಒಮ್ಮೆ ನಾನು ಗೆರೆ ತೋರಿಸಿದೆ.

"ಗೇಯೋ ಎತ್ತಿನ ಒಟ್ಟಗ ಕಡ್ಡಿ ಬುಟ್ಟು ನೋಡ್ತಾರೇನ್ಲಾ ಅಳಿಮಯ್ಯ? ದಾಹ ಆದಷ್ಟು ಕುಡೀತದ" ಎಂದರು.

ಇಷ್ಟೇ ಆಗಿದ್ದರೆ ನನಗೆ ತಕರಾರಿರಲಿಲ್ಲ. ಆದರೆ ಅವರು ಆ ಕಾರಿಗೆ ತರುತ್ತಿದ್ದದ್ದು ಅಂಗಡಿಯಲ್ಲಿದ್ದ ಅತಿ ದುಬಾರಿ ಸಾಮಾನು. ಎಣ್ಣೆಗೆ ಮೈಸೂರಿಗೆ ಹೋಗುತ್ತಿದ್ದರು. ಚಾಮರಾಜನಗರದ ಅಂಗಡಿಯವನು ಅದೇ ಡಬ್ಬ ಇಟ್ಟಿದ್ದರೂ ಮೈಸೂರಿನದೇ ಗಟ್ಟಿ. ಕಾರಿನ ಮೈಗೆ ಹಚ್ಚುವ ಮೇಣದ ಡಬ್ಬ ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇರುತ್ತಿತ್ತು. ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟನ್ನು ಮಾತ್ರ ಒಡೆಯದೆ, ಒಂದು ಹಳೆಯ ಅಂಗವಸ್ತ್ರದಲ್ಲಿ ಸುತ್ತಿ, ಡಿಕ್ಕಿಯಲ್ಲಿ ಇಟ್ಟಿದ್ದರು. ಅಷ್ಟು ಒಳ್ಳೆಯದನ್ನು ದಿನವಹಿ ಬಳಸಲು ಮನಸ್ಸು ಬರುತ್ತಿರಲಿಲ್ಲವಂತೆ.

"ನನ್ ತಲಗ ಕೊಬ್ರಿ ಎಣ್ಣ ತನ್ನಿ ಅಂದ್ರ ಮೂರು ಸಂತ ಕಳೀತದ. ಇದ್ರ ಒಟ್ಟಗ ಮಾತ್ರ ಮೈಸೂರಿಂದ ತೈಲ ಬತ್ತದ" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ನಾನು ಆಗ ಪ್ರಯೋಗಶಾಲೆಯ ವಾಸನೆಯನ್ನು ಅಂಗಿಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದ ಕಾಲ. ಯಾರು ಏನು ನಂಬಿದರೂ ಅದನ್ನು ಕೆಡವದೆ ಊಟ ರುಚಿಸುತ್ತಿರಲಿಲ್ಲ. "ಮಾವ, ನೀವು ದುಡ್ಡು ಕೊಡ್ತಾ ಇರೋದು ಡಬ್ಬದ ಮೇಲಿನ ಚಿತ್ರಕ್ಕೆ. ಒಳಗಿರೋದು ಎಲ್ಲಾ ಒಂದೇ" ಎಂದೆ.

ಮಾವ ಕೋಪಿಸಿಕೊಳ್ಳಲಿಲ್ಲ. ಮೇಣ ಉಜ್ಜುತ್ತಲೇ ಕೇಳಿದರು: "ನಿನ್ ಹಾಸ್ಟೆಲ್ಲು ಅನ್ನವೂ ನಿಮ್ಮವ್ವನ ಅನ್ನವೂ ಒಂದೇಯೇನ್ಲಾ? ಎರಡೂ ಅಕ್ಕೀಲೆ ತಾನೆ ಮಾಡದು?"

ನನ್ನ ಹತ್ತಿರ ಉತ್ತರವಿತ್ತು. ಬಹಳ ಉದ್ದದ್ದು. ಅದು ಮುಗಿಯುವಷ್ಟರಲ್ಲಿ ಮಾವ ಕಾರಿನ ಆ ಕಡೆಗೆ ಹೋಗಿದ್ದರು.

ನನ್ನ ಪಕ್ಷ ಹಿಡಿದಿದ್ದವನು ಒಬ್ಬನೇ. ಅತ್ತೆಯ ತಮ್ಮ, ಹಾಸನೂರಿನವನು. ಮಾವನಿಗೆ ಬಾಮೈದ, ಊರಿಗೆಲ್ಲ ಹಾಸನೂರು ಬಾಮೈದ. ಕೊಯಮತ್ತೂರಿನಿಂದ ಬಂದ ಕಾರುಗಳಲ್ಲಿ ಇನ್ನೊಂದನ್ನು ಕೊಂಡವನು ಅವನೇ. ಒಂದೇ ಕಚೇರಿಯದು, ಒಂದೇ ವರ್ಷದ್ದು, ಅವಳಿಜವಳಿ. ಆದರೆ ಅವನು ತನ್ನದಕ್ಕೆ ಹಾಕುತ್ತಿದ್ದದ್ದು ಪೀಪಾಯಿಯಿಂದ ಅಳೆದು ಕೊಡುವ ಬಿಡಿ ಎಣ್ಣೆ. ಡೀಸೆಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತುತ್ತಿದ್ದ. ರೇಡಿಯೇಟರು ಸೋರಿದರೆ ಅದರೊಳಗೆ ಒಂದು ಹಿಡಿ ಅರಿಸಿನ ಪುಡಿ ಹಾಕುತ್ತಿದ್ದ. ಲಾರಿಯವರಿಂದ ಕಲಿತ ವಿದ್ಯೆ. ಅರಿಸಿನ ನೀರಿನಲ್ಲಿ ಉಬ್ಬಿ ತೂತಿನಲ್ಲಿ ಕೂತು ಮುಚ್ಚಿಕೊಳ್ಳುತ್ತದೆ. ಆ ಕಾರಿನ ಹತ್ತಿರ ಹೋದರೆ ಯಾರ ಮನೆಯಲ್ಲೋ ಒಗ್ಗರಣೆ ಹಾಕಿದ ಹಾಗೆ ವಾಸನೆ ಬರುತ್ತಿತ್ತು.

"ಬಾವ, ಎಣ್ಣ ಅಂದ್ರ ಎಣ್ಣ ಕಣ. ಅವ್ರು ಡಬ್ಬಕ್ಕ ಬಣ್ಣ ಬಳ್ದು ಮಾರ್ತಾವ್ರ, ನೀನು ವಂಡಿಗ ಬಣ್ಣ ಕುಡಿಸ್ತಾ ಇದ್ದಯ" ಎನ್ನುತ್ತಿದ್ದ.

"ನಿನ್ ವಂಡಿ ಸಾರು ಕುಡ್ಕೊಂಡು ಬದುಕದ. ಅದ್ರ ಮಾತು ನಂಗ್ಯಾಕ" ಎನ್ನುತ್ತಿದ್ದರು ಮಾವ.

ಬಾಮೈದನ ಮಗಳ ನಿಶ್ಚಿತಾರ್ಥ ಗೊತ್ತಾಗಿತ್ತು. ಅಕ್ಕ ಭಾವನನ್ನು ಕರೆಯಲು ಅವನು ಪಣಕಹಳ್ಳಿಗೆ ಬಂದ. ಕರೆಯುವ ಮಾತು ಐದು ನಿಮಿಷದಲ್ಲಿ ಮುಗಿಯಿತು. ಎಣ್ಣೆಯ ಮಾತು ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು. ಕೊನೆಗೆ ಪಂದ್ಯ ಕಟ್ಟಿದರು. ಎರಡು ಕಾರಿಗೂ ಒಂದೇ ದಿನ ಹೊಸ ಎಣ್ಣೆ ಹಾಕುವುದು, ಮಾರನೆಯ ದಿನ ದಿಂಬಂನಿಂದ ಕೆಳಗೆ ಬಣ್ಣಾರಿಗೆ ಇಳಿದು, ಅಲ್ಲಿಂದ ಇಪ್ಪತ್ತೇಳು ತಿರುವುಗಳನ್ನು ಎಲ್ಲೂ ನಿಲ್ಲದೆ ಹತ್ತುವುದು. ದಾರಿಯಲ್ಲಿ ಮೊದಲು ನಿಂತವನು ಸೋತ. ತೀರ್ಪು ಹೇಳುವವನು ನಾನು, ಓದಿದವನಲ್ಲವೇ!

"ಸೋತೋನು ಮೀಸ ಬೋಳ್ಸಬೇಕು" ಎಂದರು ಮಾವ.

"ಬೋಳ್ಸದಯ್ಯ!" ಎಂದ ಬಾಮೈದ. ಇಬ್ಬರೂ ಅತ್ತೆ ಆಗತಾನೆ ಹಚ್ಚಿದ ದೀಪ ಮುಟ್ಟಿಬಿಟ್ಟರು.

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. ನಮ್ಮ ಕಡೆ ಗಂಡಸು ಮೀಸೆ ಬೋಳಿಸುವುದು ಅಪ್ಪ ಅವ್ವ ತೀರಿಕೊಂಡಾಗ. ಶುಭಕಾರ್ಯದಲ್ಲಿ ಮೀಸೆಯಿಲ್ಲದ ಮುಖ ಕಂಡರೆ ಯಾರ ಮನೆಯ ಸೂತಕ ಎಂದು ಕೇಳುತ್ತಾರೆ. "ಎಂಟು ದಿನಕ್ಕ ಮಗಳ ವೀಳ್ಯ ಮಡಿಕಂಡು ಮೀಸ ಪಂದ್ಯ ಕಟ್ಟೀಯಲ್ಲೋ ಮೂದೇವಿ! ಉಡುಗನ ಕಡೆಯೋರು ನೋಡ್ಬುಟ್ಟು ಎದ್ದೋದ್ರ ಏನ್ಲಾ ಮಾಡ್ತೀಯ?" ಎಂದು ತಮ್ಮನಿಗೆ ಬೈದರು. ಬಾಮೈದನ ಮುಖ ಬಾಡಿತು. ಆ ಕ್ಷಣದವರೆಗೂ ಅವನಿಗೆ ನಿಶ್ಚಿತಾರ್ಥದ ನೆನಪೇ ಇದ್ದಂತಿರಲಿಲ್ಲ. ಆದರೆ ದೀಪ ಮುಟ್ಟಿಯಾಗಿತ್ತು. ಮುಟ್ಟಿದ ಮಾತು ತಪ್ಪಿದರೆ ಅದು ಮೀಸೆ ಹೋಗುವುದಕ್ಕಿಂತ ದೊಡ್ಡ ಅಪಶಕುನ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು…

ಒಂದೇ ಬಗೆಯ ಎರಡು ಕಾರು, ಒಂದೇ ರಸ್ತೆ, ಒಂದೇ ದಿನ. ನನ್ನ ವಿಭಾಗದಲ್ಲಿ ಯಾರಿಗೂ ಇಂಥ ಪ್ರಯೋಗ ಸಿಕ್ಕಿರಲಿಲ್ಲ. ಒಂದೇ ಕೊರತೆ. ಯಾವ ಕಾರಿನಲ್ಲಿ ಯಾವ ಎಣ್ಣೆ ಇದೆಯೆಂದು ಓಡಿಸುವವರಿಗೆ ಗೊತ್ತಿತ್ತು. ನಂಬಿಕೆ ಇರುವವನು ತನ್ನ ಕಾರನ್ನು ಹಾಗೇ ಓಡಿಸುತ್ತಾನೆ, ಅಂಥ ಫಲಿತಾಂಶಕ್ಕೆ ಬೆಲೆಯಿಲ್ಲ. ಗೊತ್ತಿಲ್ಲದಂತೆ ಮಾಡಬೇಕು ಎಂದು ಪುಸ್ತಕ ಹೇಳಿತ್ತು.

ಎಣ್ಣೆ ಹಾಕುವ ದಿನ ಮಧ್ಯಾಹ್ನ ಎರಡೂ ಕಾರನ್ನು ಕೊಟ್ಟಿಗೆಯ ಮುಂದೆ ನಿಲ್ಲಿಸಿ, ಅಡಿಯ ಬಿರಡೆ ಬಿಚ್ಚಿ, ಹಳೆಯ ಎಣ್ಣೆ ಬಾಣಲೆಗಳಿಗೆ ತೊಟ್ಟಿಕ್ಕಲು ಬಿಟ್ಟು ಅವರು ಊಟಕ್ಕೆ ಹೋದರು. ಮುದ್ದೆ, ಹುರುಳಿ ಸಾರು. ಅದಾದ ಮೇಲೆ ಜಗುಲಿಯ ಮೇಲೆ ಗೊರಕೆ. ಕೊಟ್ಟಿಗೆಯಲ್ಲಿ ಹೊಸ ಎಣ್ಣೆ ಎರಡೂ ಪಕ್ಕಪಕ್ಕ ಇದ್ದವು. ಮಾವನದು ಹೊಳೆಯುವ ಡಬ್ಬ. ಮೂಸಿ ನೋಡಲೆಂದು ಅವರೇ ಮುಚ್ಚಳ ಒಡೆದಿದ್ದರು. ಬಾಮೈದನದು ಒಂದು ಪ್ಲಾಸ್ಟಿಕ್ ಕ್ಯಾನು. ಒಂದರದು ಇನ್ನೊಂದಕ್ಕೆ ಹೋಗಬೇಕಾದರೆ ಮೂರನೆಯ ಪಾತ್ರೆ ಬೇಕು. ಕಣ್ಣಿಗೆ ಬಿದ್ದದ್ದು ಅತ್ತೆ ಡೈರಿಗೆ ಹಾಲು ಒಯ್ಯುವ ಕ್ಯಾನು.

ಅಲ್ಲಿಯವರೆಗೆ ನನಗೆ ಸ್ಪಷ್ಟವಾಗಿದೆ. ಆಮೇಲೆ ಡಬ್ಬದ್ದು ಹಾಲಿನ ಕ್ಯಾನಿಗೆ, ಪ್ಲಾಸ್ಟಿಕ್ಕಿನದು ಡಬ್ಬಕ್ಕೆ… ಹಸು ನನ್ನನ್ನೇ ನೋಡುತ್ತಿತ್ತು. ಯಾರೋ ಕೆಮ್ಮಿದರು. ಗಾಬರಿಯಾಗಿ ಮತ್ತೆ ಸುರಿದೆ. ಕೊನೆಗೆ ಯಾವುದು ಎಲ್ಲಿಗೆ ಬಂತು ಎಂದು ಕೇಳಿದರೆ, ಅದಲು ಬದಲು ಆಗಿತ್ತು ಎಂದು ಆಗ ಪ್ರಮಾಣ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಎರಡೂ ಒಂದೇ ಜೇನಿನ ಬಣ್ಣ. ಗಾಬರಿಯಲ್ಲಿ ಎರಡು ಸಲ ಬದಲಾಯಿಸಿ ಮೊದಲಿದ್ದಲ್ಲಿಗೇ ತಂದಿದ್ದೆನೇ ಎಂಬ ಅನುಮಾನ ಇತ್ತೀಚೆಗೆ ಕಾಡುತ್ತದೆ.

ಮಾರನೆಯ ಬೆಳಿಗ್ಗೆ ಡೈರಿಯವನು ಅತ್ತೆಯ ಹಾಲನ್ನು ಮೂಸಿ, "ಅಕ್ಕ, ಅಸುವ ಯಾವ ಬಂಕಲ್ಲಿ ಕಟ್ಟಿದ್ದವ್ವ?" ಎಂದು ಕೇಳಿ ವಾಪಸು ಕಳಿಸಿದನಂತೆ. ಅತ್ತೆ ಹಾಲನ್ನು ಚೆಲ್ಲಿ, ಸೀರೆ ಬದಲಾಯಿಸಿಕೊಂಡು ನೇರ ಕಾರಿನ ಹಿಂದಿನ ಸೀಟಿನಲ್ಲಿ ಬಂದು ಕೂತರು. "ಎಂಗೂ ಬಣ್ಣಾರಿಗಂಟ ಓಯ್ತೀರ. ಅಮ್ಮನಿಗಾದ್ರೂ ಕೈ ಮುಗ್ದು, ನಿಮ್ಮಿಬ್ರಿಗೂ ಬುದ್ಧಿ ಕೊಡು ಅಂತ ಕೇಳ್ಕಂಡು ಬತ್ತೀನಿ."

ಹಾಸನೂರು, ದಿಂಬಂ ದಾಟಿ ಇಳಿದೆವು. ಇಳಿಯುವುದರಲ್ಲಿ ಏನೂ ಆಗಲಿಲ್ಲ. ಇಳಿಯಲು ಎಣ್ಣೆ ಬೇಡ, ಬ್ರೇಕು ಸಾಕು. ಬಣ್ಣಾರಿಯಲ್ಲಿ ಅತ್ತೆ ಅಮ್ಮನ ಗುಡಿಗೆ ಹೋಗಿ ಕೈ ಮುಗಿದು ಬರುವಷ್ಟರಲ್ಲಿ ಮಾವ ಬಾನೆಟ್ಟು ಎತ್ತಿದ್ದರು. ಕೈಯಲ್ಲಿ ಗೊಟ್ಟ. ಏರು ಎಳೆಯುವ ಮುಂಚೆ ಎತ್ತಿಗೆ ಒಳ್ಳೆಣ್ಣೆ ಕುಡಿಸುತ್ತಾರಲ್ಲ, ಹಾಗೆ ಡಬ್ಬದಲ್ಲಿ ಉಳಿದಿದ್ದನ್ನೆಲ್ಲ ಕುಡಿಸುತ್ತಿದ್ದರು. ಒಂದು ಗೊಟ್ಟ, ಎರಡು ಗೊಟ್ಟ, ಮೂರು.

"ಸಾಕು ಮಾವ! ಜಾಸ್ತಿ ಆದ್ರೆ ಹೊಗೆ ಬರ್ತದೆ!"

"ಇನ್ನೊಂದ್ ಗುಟುಕು ಕುಡೀಲಿ ಬುಡ್ಲಾ. ಇಪ್ಪತ್ತೇಳು ತಿರುವು ಅದ" ಎಂದು ರೇಡಿಯೇಟರು ನೀವಿದರು.

ಬಾಮೈದ ಬಾನೆಟ್ಟು ಎತ್ತಲೇ ಇಲ್ಲ. ಎತ್ತಿದರೆ ಸೋಲೊಪ್ಪಿದ ಹಾಗೆ ಎಂದುಕೊಂಡನೋ ಏನೋ.

ಹತ್ತಲು ಶುರು ಮಾಡಿದೆವು. ಬಾಮೈದ ಮುಂದೆ, ನಾವು ಹಿಂದೆ. ನಾಲ್ಕನೆಯ ತಿರುವಿಗೆ ನಮ್ಮ ಹಿಂದೆ ನೀಲಿ ಹೊಗೆ. ಏಳನೆಯದಕ್ಕೆ ನಮ್ಮ ಹಿಂದೆ ರಸ್ತೆಯೇ ಇಲ್ಲ. ಹೊಗೆಯೊಳಗಿಂದ ಒಂದು ಕಬ್ಬಿನ ಲಾರಿ ಹಾರ್ನು ಬಾರಿಸುತ್ತಿತ್ತು. ಅದರ ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯೋವ್, ವಂಡಿಯಾ ಇಲ್ಲ ಸೆಂಗಲ್ ಸೂಳೆಯಾ?" ಎಂದು ತಮಿಳಿನಲ್ಲಿ ಕೂಗಿದ. ಕಾರೋ ಇಟ್ಟಿಗೆ ಸುಡುವ ಗೂಡೋ ಎಂದು. ಕಟ್ಟೆಯ ಮೇಲೆ ಕೂತಿದ್ದ ಕೋತಿಗಳು ಎದ್ದು ಮರ ಹತ್ತಿದವು. ನಾನು ಮಂಜೆಂದು ನೆನಪಿಟ್ಟುಕೊಂಡದ್ದು ಬಹುಶಃ ಇದನ್ನೇ. ಮಾವ ಮಾತ್ರ ಸ್ಟಿಯರಿಂಗಿಗೆ ಎದೆ ಕೊಟ್ಟು, "ಉಂ… ಎಳಿ ಮಗ, ಎಳಿ" ಎಂದು ಎತ್ತಿಗೆ ಹೇಳುವ ದನಿಯಲ್ಲೇ ಹೇಳುತ್ತಿದ್ದರು. ಹಿಂದಿನ ಸೀಟಿನಲ್ಲಿ ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು, "ನನ್ ಆಲಿನ ಕ್ಯಾನಲ್ಲೂ ಇದೇ ವಾಸ್ನ ಕಣ" ಎಂದರು. ನಾನು ಕಿಟಕಿಯ ಕಡೆ ತಿರುಗಿದೆ.

ಹದಿನೆಂಟನೆಯದೋ ಹತ್ತೊಂಬತ್ತನೆಯದೋ ತಿರುವು. ಮುಂದೆ ಬಾಮೈದನ ಕಾರು ಬುಸ್ಸೆಂದು ನಿಂತಿತು. ಅವನು ಇಳಿದು, ಅವಸರದಲ್ಲಿ ರೇಡಿಯೇಟರಿನ ಮುಚ್ಚಳಕ್ಕೆ ಬಟ್ಟೆ ಹಾಕಿ ತಿರುಗಿಸಿದ. ಹಳದಿ ನೀರು ಆಳೆತ್ತರಕ್ಕೆ ಚಿಮ್ಮಿತು. ಅವನು ಹಿಂದಕ್ಕೆ ಹಾರಿದ್ದರಿಂದ ಸುಡಲಿಲ್ಲ. ಆದರೆ ಬಿಳಿ ಪಂಚೆ, ಅಂಗಿ, ಮೀಸೆ ಎಲ್ಲ ಅರಿಸಿನ. ಮದುವೆ ಮನೆಯಲ್ಲಿ ಅರಿಸಿನದ ನೀರು ಎರಚಿಸಿಕೊಂಡು ಹೊರಗೆ ಬಂದವನ ಹಾಗೆ ನಿಂತಿದ್ದ.

ಮಾವ ಅವನನ್ನು ದಾಟಿ ಹೋಗಬಹುದಿತ್ತು. ಇನ್ನೆಂಟು ತಿರುವು. ಕಾರು ಹೊಗೆಯುಗುಳುತ್ತಿದ್ದರೂ ನಿಂತಿರಲಿಲ್ಲ. ಅವರು ಬದಿಗೆ ನಿಲ್ಲಿಸಿ ಇಳಿದರು. ಡಿಕ್ಕಿ ತೆರೆದು ಅಂಗವಸ್ತ್ರ ಬಿಚ್ಚಿದರು. ಎಂಜಿನ್ನು ತಣ್ಣಗಾಗುವವರೆಗೆ ಕಾದು, ಒಡೆಯದೆ ಇಟ್ಟುಕೊಂಡಿದ್ದ ಆ ಹಸಿರು ಕೂಲೆಂಟನ್ನು, ಅತ್ತೆಯ ಕುಡಿಯುವ ನೀರಿನೊಂದಿಗೆ ಬೆರೆಸಿ, ಬಾಮೈದನ ರೇಡಿಯೇಟರಿಗೆ ಪೂರ್ತಿ ಸುರಿದರು. ಗೊಟ್ಟದಲ್ಲೇ. ಎಡಗೈಯಲ್ಲಿ ಅದನ್ನೂ ನೀವುತ್ತಿದ್ದರು.

ನೀರು ಮುಗಿದ ಮೇಲೆ ಜಗಳ ಶುರುವಾಯಿತು.

"ಮೊದಲು ನಿಂತೋನು ನೀನು" ಎಂದರು ಮಾವ.

"ನೀನೂ ನಿಂತೆಯಲ್ಲ ಬಾವ!"

"ನಿಂಗ ನೀರು ಉಯ್ಯಕ್ಕ ನಿಂತದ್ದು ಕಣ್ಲಾ!"

"ಯಾಕಾದ್ರೂ ಆಗ್ಲಿ, ನಿಂತೆಯೋ ಇಲ್ಲವೋ? ಏಳು ಅಳಿಮಯ್ಯ, ನಿಂತನೋ ಇಲ್ಲವೋ?"

ಇಬ್ಬರೂ ನನ್ನ ಕಡೆ ತಿರುಗಿದರು. ಬಾಮೈದನ ಹಳದಿ ಮೀಸೆ ನಡುಗುತ್ತಿತ್ತು. ನನ್ನ ಪ್ರಯೋಗದ ಫಲಿತಾಂಶ ಕೈಯಲ್ಲಿತ್ತು, ಆದರೆ ಅದರ ಮೇಲೆ ಒಬ್ಬ ತಂದೆಯ ಮುಖ ನಿಂತಿತ್ತು. ತಡೆಯಲಾಗದೆ ಹೇಳಿಬಿಟ್ಟೆ. ಎಣ್ಣೆ ಅದಲು ಬದಲು ಮಾಡಿದ್ದೇನೆ, ದುಬಾರಿಯದು ಬಾಮೈದನ ಕಾರಿನಲ್ಲಿದೆ, ಬಿಡಿ ಎಣ್ಣೆ ಮಾವನ ಕಾರಿನಲ್ಲಿದೆ, ಆದ್ದರಿಂದ ಈ ಪಂದ್ಯ ಲೆಕ್ಕಕ್ಕಿಲ್ಲ ಎಂದೆ.

ಇಬ್ಬರೂ ಒಬ್ಬರ ಕಾರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರ ಮುಖವೂ ಒಟ್ಟಿಗೆ ಅರಳಿತು.

"ನೋಡ್ದಾ!" ಎಂದ ಬಾಮೈದ. "ಬಾವನ ದುಬಾರಿ ಎಣ್ಣ ಕುಡ್ದು ನನ್ ವಂಡಿ ಕುದ್ದೋಯ್ತು! ಇಷ್ಟು ವರ್ಷದಲ್ಲಿ ಒಂದ್ ದಿನ ಕುದ್ದಿರ್ಲಿಲ್ಲ!"

"ನೋಡ್ದಾ!" ಎಂದರು ಮಾವ. "ನಿನ್ ಕಚಡಾ ಎಣ್ಣ ಒಟ್ಟಗ ಓಗಿ ನನ್ ಕೂಸು ಒಗೆ ಕಕ್ಕತು! ನಾನ್ ಆಗ್ಲೇ ಅಂದ್ಕಂಡೆ, ಇದು ನನ್ ಎಣ್ಣ ವಾಸ್ನ ಅಲ್ಲ ಅಂತ!"

ರೇಡಿಯೇಟರು ಕುದಿಯಲು ಕಾರಣ ನೀರು ಸೋರಿ ಕಡಿಮೆಯಾದದ್ದು, ಹೊಗೆಗೆ ಕಾರಣ ಮೂರು ಗೊಟ್ಟ ಹೆಚ್ಚು ಕುಡಿಸಿದ್ದು, ಎರಡಕ್ಕೂ ಎಣ್ಣೆಯ ಬೆಲೆಗೂ ಸಂಬಂಧವಿಲ್ಲ ಎಂದು ನಾನು ರಸ್ತೆಯ ನಡುವೆ ನಿಂತು ಕೂಗಿದ್ದು ನೆನಪಿದೆ. ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ಕೇಳಿಸಿಕೊಂಡರು. ಹತ್ತಿರ ಬಂದು, ಕಿವಿ ಹಿಡಿದು, "ಆಲಿನ ಕ್ಯಾನು?" ಎಂದರು. ಎಂ.ಎಸ್ಸಿ. ಮೊದಲ ವರ್ಷದವನ ಕಿವಿ.

ದಿಂಬಂನಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತಾಗ ಬಾಮೈದನ ಗೆಲುವೆಲ್ಲ ಇಳಿದುಹೋಯಿತು. ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು, ಕುಡಿಯದೆ ಕೂತಿದ್ದ. "ಬಾವ, ದೀಪ ಮುಟ್ಟಿವಿ" ಎಂದ. "ಯಾರೂ ಬೋಳುಸ್ದೆ ಓದ್ರ ಮಗೀಗ ಏನಾರ ಆದದು. ನಾನು ಬೋಳುಸ್ಕಂಡು ವೀಳ್ಯದ ತಟ್ಟ ಇಡ್ಕಂಡು ಕೂತ್ರ… ಅವ್ರು ಏನಂದಾರು?" ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಒಬ್ಬಳೇ ಮಗಳು. ಒಂದು ಕಡೆಯವರು ಆಗಲೇ ಬಂದು ನೋಡಿ ಬೇಡವೆಂದು ಹೋಗಿದ್ದರು.

ಮಾವ ತಮ್ಮ ಟೀ ಮುಗಿಸಿದರು. ಬಾಯಿ ಒರೆಸಿಕೊಂಡರು. ಒರೆಸಿಕೊಳ್ಳುವಾಗ ಮೀಸೆಯನ್ನು ಒಂದು ಸಲ ಪೂರ್ತಿ ಸವರಿದರು ಎಂದು ನನ್ನ ನೆನಪು. ಇದು ನಾನು ಸೇರಿಸಿದ್ದೂ ಇರಬಹುದು.

"ನಿಂತದ್ದು ನಾನೂ ನಿಂತೀನಿ" ಎಂದರು. "ನಿನ್ ವಂಡಿ ತಾನಾಗಿ ನಿಂತದ್ದು. ನಾನು ನಿಲ್ಸಿದ್ದು. ನಿಲ್ಸಿದೋನೇ ಸೋತಂಗೆ. ಅಲ್ವೇನ್ಲಾ ಅಳಿಮಯ್ಯ, ಓದಿರೋನು ನೀನು, ಏಳು."

ಅದು ತರ್ಕವಾಗಿರಲಿಲ್ಲ. ಅದರಲ್ಲಿ ಎಷ್ಟು ತಪ್ಪಿದೆಯೆಂದು ನಾನು ಬೆರಳು ಮಡಿಸಿ ತೋರಿಸಬಲ್ಲವನಾಗಿದ್ದೆ. ತೋರಿಸಲಿಲ್ಲ. "ಹೌದು ಮಾವ, ಸೋತಿದ್ದೀರ" ಎಂದೆ. ನಾನು ಕೊಟ್ಟ ಒಂದೇ ತೀರ್ಪು ಅದು, ಅದೂ ಸುಳ್ಳು. ತಾಳವಾಡಿಯ ಕ್ಷೌರದಂಗಡಿಯವನು ಕತ್ತಿ ಹಿಡಿದು, "ಯಾರು ತೀರೋದ್ರು ಅಣ್ಣ?" ಎಂದು ಮೆಲ್ಲಗೆ ಕೇಳಿದನಂತೆ. "ಯಾರೂ ಓಗಿಲ್ಲ, ಬೇಗ ಬೋಳ್ಸಪ್ಪ" ಎಂದರಂತೆ ಮಾವ.

ಆ ನಿಶ್ಚಿತಾರ್ಥಕ್ಕೆ ನಾನು ಇರಲಿಲ್ಲ. ರಜೆ ಮುಗಿದು ಮೈಸೂರಿಗೆ ಹೋಗಿದ್ದೆ. ಕಾರ್ಯ ಸುಸೂತ್ರವಾಗಿ ನಡೆಯಿತೆಂದು ಅವ್ವ ಫೋನಿನಲ್ಲಿ ಹೇಳಿದಳು. ಮುಂದೆ ಓದು, ಕೆಲಸ, ಊರಿಗೆ ಹೋಗುವುದು ವರ್ಷಕ್ಕೊಂದು ಸಲ. ಮಾವ ಆ ಕಾರನ್ನು ಇನ್ನೂ ಆರೇಳು ವರ್ಷ ಓಡಿಸಿದರು, ಅದೇ ಎಣ್ಣೆ, ಅದೇ ಮೇಣ. ಬಾಮೈದನದೂ ಹೆಚ್ಚುಕಡಿಮೆ ಅಷ್ಟೇ ವರ್ಷ ಓಡಿತು, ಅರಿಸಿನ ಕುಡಿದುಕೊಂಡು. ಇದರಿಂದ ಏನನ್ನಾದರೂ ಸಾಧಿಸಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಾರಿನ ಪುಸ್ತಕ ಹೇಳಿದ ದರ್ಜೆಯ ಎಣ್ಣೆ, ಹೇಳಿದಷ್ಟು, ಹೇಳಿದ ಹೊತ್ತಿಗೆ ಬದಲಾಯಿಸಿದರೆ ಸಾಕು, ಅದಕ್ಕಿಂತ ಹೆಚ್ಚು ಕೊಟ್ಟ ದುಡ್ಡಿನಲ್ಲಿ ಬಹುಪಾಲು ಮನಸ್ಸಿನ ಸಮಾಧಾನಕ್ಕೆ ಹೋಗುತ್ತದೆ ಎಂದು ಈಗಲೂ ಯಾರಾದರೂ ಕೇಳಿದರೆ ಹೇಳುತ್ತೇನೆ. ಆದರೆ ಮಾವ ಅಷ್ಟು ವರ್ಷ ಕೊಂಡದ್ದು ಎಣ್ಣೆಯನ್ನಲ್ಲ ಎಂದು ಅನ್ನಿಸತೊಡಗಿದೆ. ತಮ್ಮ ಕೊಟ್ಟಿಗೆಯಲ್ಲಿದ್ದ ಜೀವಕ್ಕೆ ಕಡಿಮೆಯದನ್ನು ಕೊಡಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೆ. ಜೀವವೇ ಅಲ್ಲದ್ದನ್ನು ಜೀವವೆಂದು ತಿಳಿದದ್ದು ಬೇರೆ ವಿಷಯ…

ಮಾವ ತೀರಿಕೊಂಡಾಗ ನಾನು ದೂರದಲ್ಲಿದ್ದೆ, ಮಣ್ಣಿಗೆ ಬರಲಾಗಲಿಲ್ಲ. ಹಾಲಿನ ಕ್ಯಾನಿಗೆ ಅತ್ತೆಯ ಕ್ಷಮೆ ಕೇಳಿದ್ದೆ. ಘಾಟಿಯಲ್ಲಿ ಅವರು ಕಾರು ನಿಲ್ಲಿಸಿದ್ದಕ್ಕೆ, ಸೋತದ್ದು ತಾವೇ ಎಂದು ಹೇಳಿದ್ದಕ್ಕೆ ಮಾವನಿಗೆ ಒಂದು ಮಾತು ಹೇಳಬೇಕಿತ್ತು. ಇಷ್ಟು ಮಾತಾಡುವ ಬಾಯಿಗೆ ಅದು ಬರಲಿಲ್ಲ, ಇನ್ನು ಹೇಳಲು ಅವರಿಲ್ಲ.

ಈಗ ಹಾಸನೂರು ಬಾಮೈದ ಕತೆ ಹೇಳುವಾಗ ಮೀಸೆ ಬೋಳಿಸಿದವನು ತಾನೇ ಎನ್ನುತ್ತಾನೆ. ಭಾವನ ಮರ್ಯಾದೆ ಉಳಿಸಲು ತಾನೇ ಸೋಲೊಪ್ಪಿದನಂತೆ. ಸುಳ್ಳು ಹೇಳುತ್ತಿರುವಂತೆ ಕಾಣುವುದಿಲ್ಲ, ಹಾಗೆಂದೇ ನಂಬಿದ್ದಾನೆ. ಅತ್ತೆಯನ್ನು ಕೇಳಿದರೆ, "ಮೀಸನೂ ಇಲ್ಲ, ಗೀಸನೂ ಇಲ್ಲ. ಯಾರ್ದೂ ಬೋಳುಸ್ನಿಲ್ಲ. ನೀನೊಬ್ಬ" ಎಂದು ನಕ್ಕುಬಿಡುತ್ತಾರೆ. ಎರಡು ಸಾಕ್ಷಿ, ಎರಡೂ ನನಗೆ ವಿರುದ್ಧ. ಎಣ್ಣೆ ಯಾವ ಡಬ್ಬಕ್ಕೆ ಹೋಯಿತೆಂದೇ ಖಚಿತವಿಲ್ಲದ ನಾನು ನನ್ನ ನೆನಪನ್ನು ಯಾವ ಧೈರ್ಯದಿಂದ ನಂಬಲಿ?

ಹೋದ ವಾರ ಬಾಮೈದನ ಮಗಳ ಮನೆಗೆ ಹೋಗಿದ್ದೆ. ಚಾಮರಾಜನಗರದಲ್ಲಿದ್ದಾಳೆ, ಇಬ್ಬರು ಮಕ್ಕಳು. ನಿಶ್ಚಿತಾರ್ಥದ ಆಲ್ಬಮ್ ಇದೆಯೇ ಎಂದು ಕೇಳಿದೆ. ಬೀರುವಿನ ಮೇಲಿಂದ ಧೂಳು ಕೊಡವಿ ತಂದಳು. ಮೂರನೆಯ ಪುಟ. ಅವಳಪ್ಪ ವೀಳ್ಯದ ತಟ್ಟೆ ಹಿಡಿದು ಕೂತಿದ್ದಾನೆ, ತಿರುವಿದ ಮೀಸೆ, ಎದೆ ಉಬ್ಬಿಸಿಕೊಂಡಿದ್ದಾನೆ. ಅವನ ಹಿಂದೆ ಕಂಬಕ್ಕೆ ಒರಗಿ ಮಾವ ನಿಂತಿದ್ದಾರೆ. ಯಾರೋ ಏನೋ ಕೇಳಿರಬೇಕು, ಬಾಯಿಗೆ ಅಡ್ಡ ಬರುತ್ತಿದ್ದ ಕೈ ಅರ್ಧಕ್ಕೆ ನಿಂತಿದೆ, ನಗುತ್ತಿದ್ದಾರೆ. ಮುಖವೆಲ್ಲ ಹೊಲದ ಬಿಸಿಲಿಗೆ ಕಪ್ಪು. ಮೇಲ್ತುಟಿಯ ಮೇಲೆ ಒಂದು ಬೆರಳಗಲ ಜಾಗ ಮಾತ್ರ, ಬಿಸಿಲನ್ನೇ ಕಾಣದ್ದು, ಬೆಳ್ಳಗಿದೆ.